ಇಲ್ಲದ ಕಾಲಿನ ನೋವು ಸುಳ್ಳಲ್ಲ

ಟೇಕಲ್ ಸುತ್ತಮುತ್ತ ಎಷ್ಟೋ ಮನೆಗೆ ಕಲ್ಲೇ ಅನ್ನ. ಕ್ವಾರಿ, ಜಲ್ಲಿ ಕ್ರಷರ್ ಕೆಲಸ ಅಂದರೆ ಕೈಕಾಲು ಅಡವಿಟ್ಟು ಮಾಡುವ ಕೆಲಸ. ಕಾಲು ಹೋದವನಿಗೆ ಪರಿಹಾರ ಎಷ್ಟು, ಬಸ್ ಪಾಸ್ ಯಾವಾಗ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಮಾತಾಡುತ್ತಾರೆ. ಆದರೆ ಆ ಇಲ್ಲದ ಕಾಲಿನ ಹೆಬ್ಬೆರಳು ರಾತ್ರಿಯೆಲ್ಲ ಉರಿಯುತ್ತೆ, ಪಾದ ತಿರುಚಿ ಹಿಡಿಯುತ್ತೆ ಎಂದು ಅವನೇ ಹೇಳಿದರೆ? ‘ಪಾಪ, ತಲೆ ಕೆಟ್ಟಿದೆ’ ಅಂತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವವರೂ ಉಂಟು.

ತಲೆ ಕೆಟ್ಟಿಲ್ಲ ಸ್ವಾಮಿ. ಕೈಕಾಲು ಕತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ನೋವು ಬರುತ್ತೆ. ಅಮೆರಿಕದ ವೈದ್ಯ ಸೈಲಸ್ ವೇಯರ್ ಮಿಚೆಲ್ 1871ರಲ್ಲೇ ಇದನ್ನು ‘ಭೂತದ ಅಂಗ’ ಎಂದು ಕರೆದ. ಹೆಸರಿನಲ್ಲಿ ಭೂತ ಇದೆ, ಮಂತ್ರವಾದಿಗೆ ಮಾತ್ರ ಇಲ್ಲಿ ಕೆಲಸವಿಲ್ಲ. ಮಿದುಳಿನೊಳಗೆ ದೇಹದ ನಕ್ಷೆ ಇರುತ್ತೆ. ಕಾಲು ಹೋದರೂ ನಕ್ಷೆಯಲ್ಲಿ ಅದರ ಜಾಗ ಅಳಿಸಿಹೋಗಲ್ಲ, ಸತ್ತವರ ಹೆಸರು ಪಹಣಿಯಲ್ಲಿ ಉಳಿದ ಹಾಗೆ.

ಈಗ ಮಿದುಳಿಗೇ ಚಿಕಿತ್ಸೆ ಕೊಟ್ಟು ನೋಡುತ್ತಿದ್ದಾರೆ. ತಲೆಗೆ ತಾಗಿಸಿ ಒಂದು ತಂತಿಸುರುಳಿ ಹಿಡಿಯುತ್ತಾರೆ. ಅದರ ಅಯಸ್ಕಾಂತ ಶಕ್ತಿ ಬುರುಡೆ ದಾಟಿ, ಕೈಕಾಲು ಆಡಿಸುವ ಮಿದುಳಿನ ಭಾಗದಲ್ಲಿ ಸಣ್ಣ ಕರೆಂಟು ಹುಟ್ಟಿಸುತ್ತೆ. ಕೊಯ್ಯಲ್ಲ, ಮತ್ತು ಬರಿಸಲ್ಲ. ಸಿನಿಮಾದಲ್ಲಿ ತೋರಿಸುವ ಶಾಕ್ ಟ್ರೀಟ್‌ಮೆಂಟ್ ಇದಲ್ಲ. (ಮೂರ್ಛೆರೋಗ ಇದ್ದವರು, ತಲೆಯೊಳಗೆ ಲೋಹ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.) ಕೊಲಂಬಿಯಾ ದೇಶದಲ್ಲಿ ನೆಲಬಾಂಬಿಗೆ ಅಂಗ ಕಳಕೊಂಡ 54 ಜನರ ಮೇಲೆ ನಡೆದ ಪರೀಕ್ಷೆ 2016ರಲ್ಲಿ ಅಚ್ಚಾಯಿತು. ಅರ್ಧ ಜನಕ್ಕೆ ನಿಜವಾದ ಚಿಕಿತ್ಸೆ, ಅರ್ಧ ಜನಕ್ಕೆ ಹುಸಿ. ಎರಡು ವಾರದಲ್ಲಿ 10 ಸಲ. ಮುಗಿದು 15 ದಿನಕ್ಕೆ ನೋಡಿದಾಗ ನಿಜವಾದ ಚಿಕಿತ್ಸೆ ಪಡೆದವರ ನೋವು ಚೆನ್ನಾಗಿಯೇ ಇಳಿದಿತ್ತು. 30ನೇ ದಿನಕ್ಕೆ ಆ ವ್ಯತ್ಯಾಸ ಉಳಿದಿರಲಿಲ್ಲ.

ಈ ಲೆಕ್ಕವನ್ನು ಟೇಕಲ್ ಸ್ಟೇಷನ್ನಿಗೆ ತನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಯಂತ್ರಗಳಿವೆ, ಹೆಚ್ಚಾಗಿ ಮಾನಸಿಕ ಕಾಯಿಲೆಗೆ ಬಳಸುವಂಥವು. ನಿಮ್ಹಾನ್ಸ್ ಅಂದ ಕೂಡಲೇ ಊರವರು ನಗುವುದು ಒಂದು ಕಡೆ. ಊರುಗೋಲು ಹಿಡಿದು ರೈಲು ಹತ್ತಬೇಕು, ಜೊತೆಗೊಬ್ಬರು ಬೇಕು, ಹತ್ತು ದಿನ ಅವರ ಕೂಲಿಯೂ ಹೋಯಿತು. ಇಷ್ಟೆಲ್ಲ ಒಂದೆರಡು ವಾರದ ನೆಮ್ಮದಿಗೆ!

ಅಗ್ಗದ ದಾರಿಯೊಂದಿದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಡಾ. ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿ ಹಿಡಿದರು. ಇರುವ ಕಾಲಿನ ಪಕ್ಕ ಕನ್ನಡಿ ನಿಲ್ಲಿಸಿ ಕಾಲಾಡಿಸಿದರೆ, ಹೋದ ಕಾಲೂ ಆಡಿದ ಹಾಗೆ ಕಾಣುತ್ತೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ 2007ರ ವರದಿ ಪ್ರಕಾರ, ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಕನ್ನಡಿ ನೋಡಿದ ಆರು ಜನಕ್ಕೂ ನೋವು ಇಳಿಯಿತು. ಕನ್ನಡಿಯಲ್ಲಿ ಎರಡೂ ಕಾಲು ಕಂಡು ಇಬ್ಬರಿಗೆ ದುಃಖ ಉಕ್ಕಿತಂತೆ. ಆರು ಜನ ಅಂದರೆ ಸಣ್ಣ ಲೆಕ್ಕವೇ, ಎಲ್ಲರಿಗೂ ಇದು ಹಿಡಿಸಲ್ಲ. ಆದರೆ ಕನ್ನಡಿಗೆಷ್ಟು ದುಡ್ಡು?

ಯಂತ್ರ ಬೇಡ ಅಂತಲ್ಲ. ಅದು ಎರಡನೇ ಮಾತು. ಮಾಲೂರು ತಾಲ್ಲೂಕು ಆಸ್ಪತ್ರೆಯಲ್ಲಿ, ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಯಲ್ಲಿ ಕಾಲು ಕಳಕೊಂಡು ಬಂದವರನ್ನು ‘ರಾತ್ರಿ ನಿದ್ದೆ ಬರುತ್ತೇನಪ್ಪಾ?’ ಎಂದು ಕೇಳುವುದು ಕಾಯಂ ಆಗಲಿ. ಮಾತ್ರೆ, ಕನ್ನಡಿ, ಅದನ್ನು ಹೇಳಿಕೊಡಲು ಗೊತ್ತಿರುವ ಒಬ್ಬರು ಅಲ್ಲೇ ಸಿಗಲಿ. ಅದಕ್ಕೂ ಬಗ್ಗದ ನೋವಿದ್ದರೆ ಬೆಂಗಳೂರಿಗೆ ಚೀಟಿ ಬರೆಯಲಿ. ಕಾಲು ಹೋದದ್ದು ಕ್ವಾರಿಯಲ್ಲಾದರೆ, ಆ ಹತ್ತು ದಿನದ ಖರ್ಚು, ಜೊತೆಗೆ ಹೋದವರ ಕೂಲಿ ಕ್ವಾರಿ ಮಾಲೀಕರ ಲೆಕ್ಕಕ್ಕೆ ಬರಲಿ.