ಆಟ ಬೇರೆ, ಜೂಜು ಬೇರೆ
1980ರ ಪ್ಯಾಕ್‌ಮನ್, 1984ರ ಟೆಟ್ರಿಸ್, 1985ರ ಸೂಪರ್ ಮಾರಿಯೋ ಆಡಿ ಬೆಳೆದವರಿಗೆ ಇಂದು ಐವತ್ತರ ಆಸುಪಾಸು. ಅವರಲ್ಲಿ ಹಲವರು ಈಗಲೂ ದೂರದೂರಿನ ಗೆಳೆಯರೊಂದಿಗೆ ಆನ್‌ಲೈನ್‌ನಲ್ಲಿ ಆಡುತ್ತಾರೆ. ಆದರೂ ಹೊರನಾಡ ಕನ್ನಡ ಸಂಘಗಳಲ್ಲಿ ವಿಡಿಯೋ ಗೇಮ್ ಎಂದರೆ ಮಕ್ಕಳು ಕೆಡುವ ದಾರಿ ಎಂಬ ಭಾವನೆಯೇ ಹೆಚ್ಚು. ಹಣ ಕಟ್ಟಿ ಆಡಿ ಮನೆ ಮುಳುಗಿಸಿಕೊಂಡವರನ್ನು ಕಂಡಾಗ ಈ ಭಯ ಸಹಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆನ್‌ಲೈನ್ ಹಣದಾಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿದೆ. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೆ ಪದಕಗಳೂ ಇದ್ದವು.

ಯುವಕರು ಸಂಘದತ್ತ ಸುಳಿಯುತ್ತಿಲ್ಲ ಎಂದು ಕೊರಗುವ ಪದಾಧಿಕಾರಿಗಳು ವಾರ್ಷಿಕ ಕ್ರೀಡಾಕೂಟದಲ್ಲಿ ಕ್ಯಾರಂ, ತ್ರೋಬಾಲ್ ಜೊತೆ ಇದಕ್ಕೂ ಸ್ಥಾನ ನೀಡಲಿ. ಹಿರಿಯರ ಕಣ್ಣೆದುರು, ಸಮಯದ ಮಿತಿಯಲ್ಲಿ ಆಡಿದರೆ ಆಟ ಆಟವಾಗಿಯೇ ಉಳಿದೀತು.