ಪೊಟ್ಟಣದ ಬೆನ್ನಿನ ಮೇಲಿನ ಬರಹ



ಕೆಲವು ದಿನಗಳ ಹಿಂದೆ ಸಂಜೆಯ ಹೊತ್ತು ನಮ್ಮ ಮುಕ್ಕುಂದದ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಬಿಸ್ಕತ್ತಿನ ಪೊಟ್ಟಣವೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. "ಸರ, ಮಗ ಬೆಂಗಳೂರಿಂದ ಕಳಿಸ್ಯಾನ. ಸಕ್ರಿ ಬ್ಯಾನಿ ಇದ್ದವರು ಇದನ್ನ ತಿನಬಹುದಂತ. ಇದರಾಗ ಏನು ಬರದಾರ, ಒಂದೀಟು ಓದಿ ಹೇಳ್ರಿ" ಎಂದರು. ಪೊಟ್ಟಣದ ಮುಂಭಾಗದಲ್ಲಿ ಗೋಧಿಯ ತೆನೆಯ ಚಿತ್ರವಿತ್ತು. ಹಿಂಬದಿಯನ್ನು ಓದಲು ಕನ್ನಡಕ ಸಾಲದೆ ಭೂತಗನ್ನಡಿಯನ್ನೇ ತರಬೇಕಾಯಿತು. ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದು ಮೈದಾ. ನೂರು ಗ್ರಾಮಿಗೆ ಸಕ್ಕರೆ ಹದಿನೇಳು ಗ್ರಾಂ. ಆ ತಾಯಿ ದಿನಾ ಚಹಾದ ಸಂಗಡ ಸುಮಾರು ಐವತ್ತು ಗ್ರಾಂ ಬಿಸ್ಕತ್ತು ತಿನ್ನುತ್ತಿದ್ದರು. ಎಂದರೆ ಹೆಚ್ಚುಕಡಿಮೆ ಎರಡು ಚಮಚ ಸಕ್ಕರೆ, ಜೊತೆಗೆ ಮೈದಾ. ಸಕ್ಕರೆ ಹಾಕದ ಚಹಾ ಕುಡಿದು ಅವರು ಮಾಡುತ್ತಿದ್ದ ಪಥ್ಯವೆಲ್ಲ ಹೀಗೆ ನೀರಲ್ಲಿ ಹೋಮವಾಗಿತ್ತು.

ನನಗೆ ನಾಚಿಕೆಯಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಶೇಕಡಾವಾರು ಲೆಕ್ಕವನ್ನು ಕರಿಹಲಗೆಯ ಮೇಲೆ ಕಲಿಸಿದವನು ನಾನು. ಲಾಭ-ನಷ್ಟ, ಸರಳ ಬಡ್ಡಿ, ಚಕ್ರಬಡ್ಡಿ ಎಲ್ಲವನ್ನೂ ಮಾಡಿಸಿದೆ. ಒಂದು ದಿನವಾದರೂ ತಿನಿಸಿನ ಪೊಟ್ಟಣವನ್ನು ತರಗತಿಗೆ ತಂದು "ಇದರ ಹಿಂಬದಿಯನ್ನು ಓದಿರಿ" ಎನ್ನಲಿಲ್ಲ. ನನಗೇ ಮಧುಮೇಹವೆಂದು ವೈದ್ಯರು ಹೇಳಿದ ಮೇಲೆ, ಅರವತ್ತು ದಾಟಿ, ನಾನು ಆ ಓದನ್ನು ಕಲಿತವನು.

ಓದುವ ಕ್ರಮ ಕಠಿಣವಲ್ಲ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಆದುದರಿಂದ ಮೊದಲ ಮೂರು ಹೆಸರುಗಳನ್ನು ನೋಡಿದರೆ ಪೊಟ್ಟಣದ ಸ್ವಭಾವ ತಿಳಿಯುತ್ತದೆ. ಆಮೇಲೆ ನೂರು ಗ್ರಾಮಿನ ಲೆಕ್ಕವನ್ನು ನೋಡಬೇಕು. 'ಒಂದು ಸಲಕ್ಕೆ' ಎಂಬ ಲೆಕ್ಕದಲ್ಲಿ ಎರಡು ಬಿಸ್ಕತ್ತನ್ನಷ್ಟೇ ಹಿಡಿದಿರಬಹುದು. ಎರಡಕ್ಕೇ ಕೈ ಬಿಡುವವರು ನಮ್ಮಲ್ಲಿ ಯಾರಿದ್ದಾರೆ? ಉಪ್ಪನ್ನು 'ಸೋಡಿಯಂ' ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆದರೆ ಈ ಓದು ಯಾರಿಗೆ ಸಾಧ್ಯ? 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಹೆಸರು ಕನ್ನಡದಲ್ಲಿದ್ದು ಸಕ್ಕರೆಯ ಅಂಕಿ ಇಂಗ್ಲಿಷಿನಲ್ಲಿದ್ದರೆ ಆ ತಾಯಿಗೆ ಏನು ಉಪಯೋಗ? ಕನ್ನಡ ಓದಬಲ್ಲ ಲಕ್ಷಾಂತರ ಜನ ತಮ್ಮ ಅಂಗಡಿಯಲ್ಲಿಯೇ ಅನಕ್ಷರಸ್ಥರಾಗಿ ನಿಲ್ಲುತ್ತಾರೆ. ಪೊಟ್ಟಣದ ಮುಂಭಾಗದಲ್ಲಿಯೇ ಎಚ್ಚರಿಕೆ ಇರಬೇಕೆಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ಆ ಎಚ್ಚರಿಕೆ ಬಂದರೆ ಕನ್ನಡದಲ್ಲಿಯೂ ಬರಲಿ ಎಂಬುದು ನನ್ನ ಮೊದಲನೆಯ ಬೇಡಿಕೆ.

ಎರಡನೆಯ ಮಾತು ಅದೇ ರಾತ್ರಿ ಹುಟ್ಟಿತು. ಬಿಸ್ಕತ್ತಿನ ವಿಷಯ ತಿಳಿಸಲು ಅವರ ಮಗನಿಗೆ ದೂರವಾಣಿ ಮಾಡಿದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ. ಬಿಸ್ಕತ್ತಿನ ಮಾತು ಮುಗಿದ ಮೇಲೆ, "ಸರ್, ನಾವು ಹಗಲು ರಾತ್ರಿ ದುಡಿದು ತೆರಿಗಿ ಕಟ್ಟತೀವಿ. ಸರ್ಕಾರ ಅದನ್ನ ಪುಕ್ಕಟೆ ಹಂಚತೈತಿ. ಮಂದಿ ಕುಂತು ಉಣ್ಣಾಕ ಹತ್ಯಾರ" ಎಂದ. ಈ ಮಾತು ಅವನೊಬ್ಬನದಲ್ಲ. ನಿಮ್ಮಲ್ಲಿ ಹಲವರು ಇದನ್ನೇ ನನಗೆ ಹೇಳಿದ್ದೀರಿ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ತೆರಿಗೆ ಕಟ್ಟುವವರು ಯಾರು? ಆದಾಯ ತೆರಿಗೆಯ ರಸೀದಿ ಎಲ್ಲರ ಬಳಿ ಇಲ್ಲ, ನಿಜ. ಆದರೆ 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆ ಪೊಟ್ಟಣದ ಒಳಗೇ ಕುಳಿತಿದೆ. 2025ರ ಸೆಪ್ಟೆಂಬರ್ 22ರ ವರೆಗೆ ಬಿಸ್ಕತ್ತಿನ ಮೇಲೆ ಅದು ಶೇ. 18 ಇತ್ತು. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಒಂದೂವರೆ ರೂಪಾಯಿ ತೆರಿಗೆ. ಈಗ ಶೇ. 5ಕ್ಕೆ ಇಳಿದಿದೆ, ಅಂದರೆ ಸುಮಾರು 48 ಪೈಸೆ. ಈ ಪೈಸೆಯನ್ನು ಗದ್ದೆಯಲ್ಲಿ ನಾಟಿ ಮಾಡುವ ಕೂಲಿಯವಳೂ ಕೊಡುತ್ತಾಳೆ, ಕಂಪನಿಯ ಮಾಲೀಕನೂ ಕೊಡುತ್ತಾನೆ. ಅವಳ ದಿನಗೂಲಿಯಲ್ಲಿ ಅದು ದೊಡ್ಡ ಪಾಲು, ಅವನ ಆದಾಯದಲ್ಲಿ ಧೂಳು.

2022ರ ಜುಲೈ 18ರಿಂದ 25 ಕೆ.ಜಿ. ವರೆಗಿನ, ಲೇಬಲ್ ಅಂಟಿಸಿದ ಅಕ್ಕಿ ಚೀಲಕ್ಕೂ ಶೇ. 5 ತೆರಿಗೆ ಬಂತು. ಮರುದಿನಗಳಲ್ಲಿಯೇ 26 ಕೆ.ಜಿ.ಯ ಚೀಲಗಳು ಮಾರುಕಟ್ಟೆಗೆ ಬಂದವು! ತೆರಿಗೆಯಿಂದ ನುಣುಚಿಕೊಳ್ಳಲು ದೊಡ್ಡ ಚೀಲ ಕೊಳ್ಳುವ ಶಕ್ತಿ ಬೇಕು. ಎರಡು ಕಿಲೋ ಕೊಳ್ಳುವವನಿಗೆ ಆ ದಾರಿಯಿಲ್ಲ. ಇನ್ನೊಂದು ಮಾತು. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆಯಿಲ್ಲ. ಎರಡು ಎಕರೆಯವನಿಗೆ ಅದು ನ್ಯಾಯ. ನೂರಾರು ಎಕರೆ ಭತ್ತ ಬೆಳೆಸುವವನಿಗೂ ಅದೇ ವಿನಾಯಿತಿ ಏಕೆ? ಅಕ್ಕಿಯ ಬಗ್ಗೆ ಸಿಟ್ಟಾಗುವ ನಾವು ಇದರ ಬಗ್ಗೆ ಏಕೆ ಸುಮ್ಮನಿದ್ದೇವೆ?

ಎರಡನೆಯದಾಗಿ, ಆ ಹುಡುಗ ಮೇಲೆ ಬಂದ ದಾರಿ. ಅವನ ಬುದ್ಧಿ, ಶ್ರಮ ಎರಡೂ ದೊಡ್ಡವು, ನಾನೇ ಸಾಕ್ಷಿ. ಆದರೆ ಪೊಟ್ಟಣದ ಹಾಗೆ ಅವನ ಬಾಳಿಗೂ ಪದಾರ್ಥಗಳ ಪಟ್ಟಿಯನ್ನು ಬರೆದರೆ ಏನೇನು ಬರುತ್ತದೆ? 1953ರಲ್ಲಿ ನೀರು ಕೊಡಲಾರಂಭಿಸಿದ ತುಂಗಭದ್ರೆ, ಜೋಳದ ಸೀಮೆಯನ್ನು ಭತ್ತದ ಸೀಮೆಯನ್ನಾಗಿ ಮಾಡಿದ ಎಡದಂಡೆ ಕಾಲುವೆ, ಆ ಗದ್ದೆಗಳಲ್ಲಿ ಅವನ ತಾಯಿಗೆ ಸಿಕ್ಕ ಕೂಲಿ. ಸರ್ಕಾರಿ ಶಾಲೆ. 2002ರಲ್ಲಿ ಮೊದಲು ನಮ್ಮಂಥ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ. ಎಂಟನೆಯ ತರಗತಿಯಲ್ಲಿ ಸಿಕ್ಕ ಸೈಕಲ್. ಹಾಸ್ಟೆಲು, ವಿದ್ಯಾರ್ಥಿವೇತನ. ಇವೆಲ್ಲ ಯಾರದೋ ತೆರಿಗೆಯ ಹಣ. ನನ್ನ ಸಂಬಳವೂ, ಇಂದಿನ ನಿವೃತ್ತಿ ವೇತನವೂ ಅದೇ ಹಣ. ಅದನ್ನು 'ಪುಕ್ಕಟೆ' ಎಂದು ನಾವು ಎಂದೂ ಕರೆಯಲಿಲ್ಲ.

ಒಇಸಿಡಿ ಸಂಸ್ಥೆಯ 2018ರ ವರದಿಯ ಅಂದಾಜಿನಲ್ಲಿ, ಬಡ ಮನೆತನವೊಂದು ದೇಶದ ಸರಾಸರಿ ಆದಾಯವನ್ನು ಮುಟ್ಟಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು; ಭಾರತದಲ್ಲಿ ಏಳು ಬೇಕು. ನಮ್ಮ ಹುಡುಗ ಒಂದೇ ತಲೆಮಾರಿನಲ್ಲಿ ಆ ದಾರಿಯನ್ನು ನಡೆದ. ಅವನ ಸಂಗಡ ಅದೇ ಬೆಂಚಿನ ಮೇಲೆ ಕುಳಿತ ಹಲವರು ನಡೆಯಲಾಗಲಿಲ್ಲ. ಅವರು ಸೋಮಾರಿಗಳಾಗಿರಲಿಲ್ಲ. ಒಬ್ಬನ ತಂದೆ ತೀರಿಕೊಂಡರು, ಒಬ್ಬಳ ಮದುವೆ ಬೇಗ ಆಯಿತು, ಒಂದು ಮನೆಯವರು ಗುಳೆ ಹೋದರು.

2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಸಲುವಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡಲಿಲ್ಲ. ನಾಟಿಯಿಲ್ಲ, ಕೊಯ್ಲಿಲ್ಲ, ಕೂಲಿಯಿಲ್ಲ. ಅಂಥ ತಿಂಗಳುಗಳಲ್ಲಿ ಪಡಿತರದ ಅಕ್ಕಿ ಕುಂತು ಉಣ್ಣುವ ಊಟವಲ್ಲ, ಊರು ಬಿಡದಂತೆ ತಡೆಯುವ ಊಟ.

ಆದರೂ ಅವನ ಸಿಟ್ಟಿನಲ್ಲಿ ಒಂದು ಸತ್ಯವಿದೆ. ಅದನ್ನು ಅವನಿಗೂ ಹೇಳಿದೆ. ಹಂಚಿಕೆ ಎಂದರೆ ಅಕ್ಕಿ ಮತ್ತು ನಗದು ಮಾತ್ರವಲ್ಲ. ಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲದಿದ್ದರೆ, ದವಾಖಾನೆಯಲ್ಲಿ ವೈದ್ಯರಿಲ್ಲದಿದ್ದರೆ ಅಕ್ಕಿ ಹಸಿವನ್ನು ಇಂಗಿಸೀತು, ಮೇಲೆತ್ತಲಾರದು. 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದವು. 371 (ಜೆ) ಬಂದ ಮೇಲೆಯೂ ನಮ್ಮ ಕೊರತೆ ತೀರಿಲ್ಲ. ಆದುದರಿಂದ ತೆರಿಗೆಯ ಹಣ ಎಲ್ಲಿ ಹೋಯಿತೆಂಬುದನ್ನೂ ಪೊಟ್ಟಣದ ಹಿಂಬದಿಯಂತೆ, ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ ಎಂಬುದು ನನ್ನ ಎರಡನೆಯ ಬೇಡಿಕೆ. ಕೇಳುವ ಹಕ್ಕು ಬೆಂಗಳೂರಿನವನಿಗೂ ಇದೆ, ಬಿಸ್ಕತ್ತು ಕೊಂಡ ಕೂಲಿಯವಳಿಗೂ ಇದೆ.

ನನ್ನ ಮಾತನ್ನು ಅವನು ಪೂರ್ತಿ ಒಪ್ಪಲಿಲ್ಲ. "ವಿಚಾರ ಮಾಡ್ತೀನಿ ಸರ್" ಎಂದ. ನನಗೆ ಅಷ್ಟೇ ಸಾಕು. ಆ ತಾಯಿ ಈಗ ಚಹಾದ ಜೊತೆ ಬಿಸ್ಕತ್ತನ್ನು ಬಿಟ್ಟಿದ್ದಾರೆ. ಹಸಿವಾದರೆ ಜೋಳದ ರೊಟ್ಟಿಯ ಚೂರು, ಶೇಂಗಾ ಹಿಂಡಿ. ಅದಕ್ಕೆ ಲೇಬಲ್ಲೂ ಇಲ್ಲ, ತೆರಿಗೆಯೂ ಇಲ್ಲ.

ನಿಮ್ಮಲ್ಲಿ ಶಿಕ್ಷಕರಾಗಿರುವವರು ನಾಳೆ ಒಂದು ಪೊಟ್ಟಣವನ್ನು ತರಗತಿಗೆ ಒಯ್ಯಿರಿ. ನಾನು ಮಾಡದೆ ಬಿಟ್ಟ ಪಾಠ ಅದು. ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ಬರೆಯಿರಿ.