ಹುಮ್ಮಸ್ಸು ಯಾರಿಗೆ ಬೇಕು ಸ್ವಾಮಿ?

‘ಜಿಮ್ಮಿಗೆ ಹೋಗಬೇಕು ಅಂತ ತುಂಬಾ ಆಸೆ, ಆದ್ರೆ ಮೋಟಿವೇಶನ್ನೇ ಬರಲ್ಲ ಮಾರಾಯ್ರೇ.’ ಮುಂಬಯಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವ ನಮ್ಮ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ರೇಗಿಹೋಗಿದೆ. ಮೋಟಿವೇಶನ್ ಅಂದ್ರೇನು, ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯೋದಕ್ಕೆ ಅದೇನು ಕುರ್ಲಾ ಲೋಕಲ್ಲೇ? ದಿನಾ ಹಲ್ಲುಜ್ಜಲು ಯಾರಿಗಾದರೂ ಸ್ಫೂರ್ತಿ ಬೇಕಾಗಿದೆಯೇ?

ಸ್ಫೂರ್ತಿಗೆಂದು ಗುರುರಾಜ ಪೂಜಾರಿಯವರ ಫೋಟೋ ತೋರಿಸುವವರಿದ್ದಾರೆ. ಕುಂದಾಪುರದ ಕಡೆಯ ಚಾಲಕರೊಬ್ಬರ ಮಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಹೆಮ್ಮೆಯೇ. ಆದರೆ ಅವರನ್ನು ಬೆಳೆಸಿದ್ದು ಯಾರದೋ ಫೋಟೋ ಅಲ್ಲ. ಉಜಿರೆಯ ಕಾಲೇಜಿನಲ್ಲಿ ಕೈಗೆ ಸಿಗುವ ಹಾಗೆ ಭಾರ ಇತ್ತು, ಗಮನಿಸುವ ಗುರು ಇದ್ದರು.

ಸಾಕ್ಷಿ ಬೇಕಿದ್ದರೆ ಧಾರಾವಿಗೆ ಬನ್ನಿ. ಮೀಠಿ ನದಿಯ ಆಚೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು, ಈಚೆ ಎರಡೂವರೆ ಚದರ ಕಿಲೋಮೀಟರಿಗಿಂತ ಕಡಿಮೆ ಜಾಗದಲ್ಲಿ ಲಕ್ಷಗಟ್ಟಲೆ ಜನ. ಆಚೆ ಒಂಬತ್ತು ತಾಸು ಕೂತು ಈಚೆಯ ಹತ್ತಡಿ ಖೋಲಿಯಲ್ಲಿ ಮಲಗುವ ಕನ್ನಡದ ಹುಡುಗರಲ್ಲಿ ಎರಡು ಬಗೆ. ಆಫೀಸಿನ ಪಕ್ಕದ ಏಸಿ ಜಿಮ್ಮಿಗೆ ಜನವರಿಯಲ್ಲಿ ವರ್ಷದ ದುಡ್ಡು ಕಟ್ಟಿ ಫೆಬ್ರವರಿಯಲ್ಲಿ ಮರೆಯುವವರು ಒಂದು. ತೊಂಬತ್ತಡಿ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯ ತಗಡಿನ ಮಾಡಿನ ಜಿಮ್ಮಿಗೆ ತಿಂಗಳ ಫೀಸು ಕೊಟ್ಟು ಹೋಗುವವರು ಇನ್ನೊಂದು. ಅಲ್ಲಿ ಫ್ಯಾನು ತಿರುಗಿದರೆ ಪುಣ್ಯ, ಕನ್ನಡಿ ಒಡೆದಿದೆ, ಪ್ಲೇಟಿಗೆ ತುಕ್ಕು. (ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಇಲ್ಲ, ಅದು ಇನ್ನೊಂದು ಜಗಳ.) ಆದರೆ ಖೋಲಿಗೆ ಹೋಗುವ ದಾರಿಯಲ್ಲೇ ಇದೆ. ಎರಡು ದಿನ ತಪ್ಪಿಸಿದರೆ ಚಹಾದಂಗಡಿಯಲ್ಲಿ ಉಸ್ತಾದ್ ಎದುರಾಗಿ ‘ಕುಠೇ ಹೋತಾಸ್ ರೇ?’ ಅಂತಾನೆ. ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಅಮ್ಮ ಕೇಳಿದ ಹಾಗೇ. ಊರು ಬಿಟ್ಟವನಿಗೆ ಹಾಗೆ ಕೇಳುವ ಜನ ಬೇಕು. ಹುಮ್ಮಸ್ಸು ಬಂದರೆ ಬರಲಿ, ಹೋದರೆ ಹೋಗಲಿ.

‘ದಣಿದಿರ್ತೀವಿ’ ಅಂತೀರಿ. ಗೋಣಿ ಹೊರುವ ಹಮಾಲ ಹೇಳಿದರೆ ಒಪ್ಪೋಣ. ಕೂತು ಕೂತು ಬಂದ ದಣಿವು ಮಲಗಿದರೆ ಹೋಗುವುದಿಲ್ಲ, ಎದ್ದು ಬಗ್ಗಿದರೇ ಹೋಗೋದು. ಅನ್ನ, ವಡಾಪಾವಿನ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಮೂವತ್ತು ದಾಟಿದ ಮೇಲೆ ದುಡಿಸದಿದ್ದರೆ ಅದು ಸವೆಯುತ್ತಾ ಹೋಗುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳು ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಕಾಯಿಲೆ ಬಿದ್ದರೆ ಖೋಲಿಯಲ್ಲಿ ಗಂಜಿ ಬೇಯಿಸಿ ಕೊಡುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದಾದರೂ ಎಷ್ಟು, ಸ್ನಾಯು ಗಟ್ಟಿ ಮಾಡುವ ಕಸರತ್ತು ವಾರಕ್ಕೆ ಕನಿಷ್ಠ ಎರಡು ದಿನ. ಬೈಠಕ್, ನೆಲದಿಂದ ಭಾರ ಎತ್ತೋದು, ಎದೆಯಿಂದ ಮೇಲಕ್ಕೆ ತಳ್ಳೋದು. ಎತ್ತಿದ್ದನ್ನು ನಾಲ್ಕಾಣೆ ನೋಟ್‌ಬುಕ್ಕಿನಲ್ಲಿ ಬರೆದು, ಹಗುರ ಅನ್ನಿಸಿದ ದಿನ ಎರಡೂವರೆ ಕೆ.ಜಿ. ಏರಿಸೋದು. ಇಷ್ಟಕ್ಕೆ ಭಾಷಣ ಯಾಕೆ? ಆದರೂ ಕಂಪನಿಗಳು ‘ವೆಲ್‌ನೆಸ್’ ಹೆಸರಲ್ಲಿ ಅದನ್ನೇ ಮಾಡಿಸುತ್ತವೆ. ಸಂಜೆ ಆರಕ್ಕೆ ಬಿಡಿ ಅಂದ್ರೆ ಮಾತ್ರ ಕಿವಿ ಕೇಳಿಸೋದಿಲ್ಲ.

ಈಗ ಧಾರಾವಿಯನ್ನೇ ಕೆಡವಿ ಕಟ್ಟುವ ಕೆಲಸ. 2000ನೇ ಇಸವಿಗೆ ಮೊದಲಿನ ನೆಲ ಅಂತಸ್ತಿನ ಮನೆಯವರಿಗೆ ಅಲ್ಲೇ 350 ಚದರಡಿ. ಮೇಲಂತಸ್ತಿನವರಿಗೆ ಧಾರಾವಿಯ ಹೊರಗೆ ಎಲ್ಲೋ. ಉಸ್ತಾದನ ಜಿಮ್ಮು ಬಾಡಿಗೆಯ ಮೇಲಂತಸ್ತು. ಹೊಸ ಗೋಪುರದಲ್ಲಿ ಏಸಿ ಕ್ಲಬ್‌ಹೌಸ್ ಬರುವುದಿದ್ದರೆ ಬರಲಿ, ಬೇಡ ಅಂದವರಾರು? ಎರಡು ದಿನ ಕಾಣದವನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸುವ ಆ ಮನುಷ್ಯನ ಹೆಸರಿಗೆ ಎಷ್ಟು ಚದರಡಿ ಬರೆದಿದ್ದೀರಿ?